ಒಗೆಯುವ ಯಂತ್ರಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಗುಡಿ, ಮಠ, ಕೆರೆ, ಬಾವಿಗಳಿಗೆ ಮೀಸಲಿಟ್ಟಿದ್ದೇವೆ. ಕೆಲವು ವರ್ಷಗಳ ಹಿಂದೆ ಅಮೇರಿಕೆಯ ಅಯೋವಾ ರಾಜ್ಯದಲ್ಲಿ ನೆಲೆಸಿರುವ ಸದ್ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದಾಗ, ಬಟ್ಟೆ ಒಗೆಯುವ ಹಳೆಯ ಯಂತ್ರಗಳಿಗೆ ಅಷ್ಟೇ ಶ್ರದ್ಧೆಯಿಂದ ಜೀರ್ಣೋದ್ಧಾರ ಮಾಡುವ ಜನರನ್ನು ಕಂಡೆವು. ಮೊದಲು ನಮಗೆ ನಗು ಬಂದಿತು. ಎರಡು ದಿನ ಅವರೊಡನೆ ಕಳೆದ ಮೇಲೆ ಆ ನಗು ಉಳಿಯಲಿಲ್ಲ.

ಅಯೋವಾದ ಆಗ್ನೇಯ ಭಾಗದಲ್ಲಿ ಮೌಂಟ್ ಪ್ಲೆಸೆಂಟ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ 1950ರಿಂದ 'ಓಲ್ಡ್ ಥ್ರೆಷರ್ಸ್ ರಿಯೂನಿಯನ್' ಎಂಬ ಹೆಸರಿನಲ್ಲಿ ಹಳೆಯ ಬೇಸಾಯದ ಯಂತ್ರಗಳ ಜಾತ್ರೆ ನಡೆಯುತ್ತ ಬಂದಿದೆ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರಕ್ಕೆ ಮುಗಿಯುವ ಐದು ದಿನಗಳ ಜಾತ್ರೆಯದು. ರಾಶಿ ಮಾಡುವ ಕಾಲದ ಉಗಿಯಂತ್ರಗಳು ಹೊಗೆಯುಗುಳುತ್ತ ಸಾಗುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಆ ಗದ್ದಲದಿಂದ ದೂರ, ಮರದ ನೆರಳಿನಲ್ಲಿ, ಮೊಣಕಾಲೆತ್ತರದ ಪುಟ್ಟ ಎಂಜಿನುಗಳು ಸಾಲಾಗಿ ಕುಳಿತು ಪಟಪಟನೆ ಸದ್ದು ಮಾಡುತ್ತಿದ್ದವು. ಅವುಗಳ ಹಿಂದೆ ಮಡಚುಕುರ್ಚಿಗಳಲ್ಲಿ ಮುದುಕರು ಎಣ್ಣೆಗೈಗಳಿಂದಲೇ ಕಾಫಿ ಕುಡಿಯುತ್ತಿದ್ದರು. ಅವೆಲ್ಲ ಒಗೆಯುವ ಯಂತ್ರಗಳಿಗೆ ಜೋಡಿಸುತ್ತಿದ್ದ ಪೆಟ್ರೋಲ್ ಎಂಜಿನುಗಳೆಂದು ತಿಳಿದಾಗ ನಮಗೆ ಸೋಜಿಗವಾಯಿತು.

ಈ ಎಂಜಿನುಗಳ ತವರು ಅದೇ ರಾಜ್ಯದ ನ್ಯೂಟನ್ ಪಟ್ಟಣ. ಫ್ರೆಡರಿಕ್ ಲೂಯಿಸ್ ಮೇಟ್ಯಾಗ್ ಎಂಬವರ ಕಂಪನಿ 1893ರಲ್ಲಿ ಅಲ್ಲಿ ಆರಂಭವಾದುದು ರಾಶಿಯಂತ್ರಕ್ಕೆ ಬೇಕಾದ ಉಪಕರಣಗಳ ತಯಾರಿಕೆಗಾಗಿ. ಸುಗ್ಗಿ ಮುಗಿದ ಮೇಲೆ ಕಾರ್ಖಾನೆಗೆ ಕೆಲಸವಿಲ್ಲ. ಬಿಡುವಿನ ತಿಂಗಳುಗಳಿಗೊಂದು ಕಾಯಕ ಬೇಕೆಂದು 1907ರಲ್ಲಿ ಮರದ ತೊಟ್ಟಿಯ, ಕೈಯಿಂದ ತಿರುಗಿಸುವ ಒಗೆಯುವ ಯಂತ್ರವನ್ನು ಮಾಡತೊಡಗಿದರು. ಉಪಕಸುಬೇ ಮುಂದೆ ಮುಖ್ಯ ಕಸುಬಾಯಿತು. 1922ರಲ್ಲಿ ಹೊವಾರ್ಡ್ ಸ್ನೈಡರ್ ಎಂಬ ಕುಶಲಿಯ ಯೋಜನೆಯಂತೆ ನೀರನ್ನು ಕಡೆಯುವ ರೆಕ್ಕೆಗಳನ್ನು ತೊಟ್ಟಿಯ ಮುಚ್ಚಳದಿಂದ ತಳಕ್ಕೆ ಇಳಿಸಿದರು. ಅಲ್ಲಿಯವರೆಗೆ ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿದ್ದ ಯಂತ್ರ, ಈಗ ನೀರನ್ನೇ ಬಟ್ಟೆಯೊಳಗೆ ನುಗ್ಗಿಸತೊಡಗಿತು. ನಮ್ಮ ಮನೆಗಳಲ್ಲಿ ಇಂದು ಮೇಲಿನಿಂದ ಬಟ್ಟೆ ತುಂಬುವ ಅನೇಕ ಯಂತ್ರಗಳ ತಳದಲ್ಲಿ ತಿರುಗುವುದು ಇದರ ಸಂತತಿಯೇ.

ಪೆಟ್ರೋಲ್ ಏಕೆ ಎಂದು ಓದುಗರು ಕೇಳಬಹುದು. 1930ರ ದಶಕದ ನಡುವಿನಲ್ಲಿ ಅಮೇರಿಕೆಯ ಹೊಲಮನೆಗಳಲ್ಲಿ ವಿದ್ಯುತ್ತಿದ್ದುದು ನೂರಕ್ಕೆ ಸುಮಾರು ಹತ್ತಕ್ಕೆ ಮಾತ್ರ. ಗ್ರಾಮೀಣ ವಿದ್ಯುದೀಕರಣದ ಸರಕಾರಿ ಯೋಜನೆ 1935ರಲ್ಲಿ ಹುಟ್ಟಿತು. ಅಲ್ಲಿಯವರೆಗೆ, ಅನೇಕ ಕಡೆ ಆಮೇಲೂ ಕೂಡ, ರೈತ ಮಹಿಳೆಯರು ಕಾಲಿನಿಂದ ಮೆಟ್ಟಿ ಎಂಜಿನ್ ಚಾಲೂ ಮಾಡಿ, ಅದರ ಹೊಗೆಯನ್ನು ಬಳುಕುವ ಲೋಹದ ಕೊಳವೆಯಿಂದ ಹೊರಗೆ ಬಿಟ್ಟು ಬಟ್ಟೆ ಒಗೆದರು. ಬೆಣ್ಣೆ ಕಡೆಯುವ ಸಾಧನವನ್ನೂ ಅದೇ ಯಂತ್ರಕ್ಕೆ ಜೋಡಿಸಬಹುದಾಗಿತ್ತು! ಅಲ್ಲಿ ಒಗೆತಕ್ಕೆ ಸೋಮವಾರವೇ ವಾಡಿಕೆಯ ದಿನ. ನಮ್ಮ ಸೋಮವಾರಕ್ಕೂ ಅವರ ಸೋಮವಾರಕ್ಕೂ ಎಷ್ಟು ಅಂತರ!

ಜೀರ್ಣೋದ್ಧಾರದ ಕೆಲಸ ನಾವೆಣಿಸಿದಷ್ಟು ಸುಲಭವಲ್ಲ. ದನದ ಕೊಟ್ಟಿಗೆಯಲ್ಲಿ ಐವತ್ತು ವರ್ಷ ಬಿದ್ದಿದ್ದ ಯಂತ್ರ ಕೈಗೆ ಬಂದಾಗ ಅದನ್ನು ಕೂಡಲೇ ಮೆಟ್ಟಿ ಎಬ್ಬಿಸಲು ಹೋಗಬಾರದಂತೆ. ತುಕ್ಕು ಹಿಡಿದು ಕಚ್ಚಿಕೊಂಡ ಪಿಸ್ಟನ್ನಿಗೆ ಎಣ್ಣೆ ಹೊಯ್ದು ದಿನಗಟ್ಟಲೆ ಕಾಯುತ್ತಾರೆ. ಎಂಜಿನಿನ ಅಡಿಪೀಠವೇ ಪೆಟ್ರೋಲ್ ಡಬ್ಬಿ. ಅದರಲ್ಲಿ ಹಳೆಯ ಇಂಧನ ಅಂಟಾಗಿ ಗಟ್ಟಿಕೊಂಡಿರುತ್ತದೆ. ಅದನ್ನು ತೊಳೆದು ತೆಗೆಯದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಕಿಡಿ ಹುಟ್ಟಿಸುವ ಸುರುಳಿಯನ್ನು ಪರೀಕ್ಷಿಸಬೇಕು, ಪೆಟ್ರೋಲಿನಲ್ಲಿ ಎಣ್ಣೆಯನ್ನು ತಕ್ಕ ಪ್ರಮಾಣದಲ್ಲಿ ಬೆರೆಸಬೇಕು. ವಿದ್ಯುತ್ ಯಂತ್ರವಾದರೆ ತಂತಿಯ ಮೇಲಿನ ಬಟ್ಟೆಯ ಹೊದಿಕೆ ಮುಟ್ಟಿದರೆ ಉದುರುವಂತಿರುತ್ತದೆ. ಅದನ್ನು ಬದಲಿಸದೆ ಗುಂಡಿ ಒತ್ತಿದವನಿಗೆ ಯಂತ್ರವೇ ಯಮ. ಬಟ್ಟೆ ಹಿಂಡುವ ಎರಡು ರಬ್ಬರ್ ಉರುಳೆಗಳು ಒಂದನ್ನೊಂದು ಒತ್ತಿಕೊಂಡೇ ವರ್ಷಗಟ್ಟಲೆ ನಿಂತು ಒಂದು ಕಡೆ ಚಪ್ಪಟೆಯಾಗಿರುತ್ತವೆ. ಹೀಗಾಗಿ ಬಲ್ಲವರು ಯಂತ್ರವನ್ನು ಎತ್ತಿಡುವ ಮುನ್ನ ಉರುಳೆಗಳ ಬಿಗಿಯನ್ನು ಸಡಿಲಿಸುತ್ತಾರೆ.

ಬಣ್ಣದ ವಿಷಯದಲ್ಲಿ ಇವರೊಳಗೆ ಎರಡು ಪಕ್ಷಗಳಿವೆ. ಕಾರ್ಖಾನೆಯಿಂದ ಹೊರಬಂದ ದಿನದಂತೆ ಹೊಳೆಯಬೇಕೆನ್ನುವವರು ಒಂದು ಕಡೆ. ಗೃಹಿಣಿಯ ಕೈ ತಾಗಿ ಸವೆದ ಹಿಡಿಕೆಯನ್ನು ಸವೆದಂತೆಯೇ ಬಿಡಬೇಕೆನ್ನುವವರು ಇನ್ನೊಂದು ಕಡೆ. ನಮ್ಮ ಒಲವು ಎರಡನೆಯವರತ್ತ. ಆದರೆ ಅಲ್ಲಿ ಕುಳಿತಿದ್ದವರೆಲ್ಲ ಗಂಡಸರು, ಸವೆಸಿದವರು ಹೆಂಗಸರು ಎಂಬುದು ನಮ್ಮ ಲಕ್ಷ್ಯಕ್ಕೆ ಬಾರದಿರಲಿಲ್ಲ. ಮಡಿವಾಳ ಮಾಚಿದೇವರನ್ನು ದಿನವೂ ಸ್ಮರಿಸುವ ನಾವು ಒಗೆತವನ್ನು ಕಾಯಕವೆಂದು ಕೊಂಡಾಡುತ್ತೇವೆ. ಹಾಗೆ ಕೊಂಡಾಡುವವರಲ್ಲಿ ಎಷ್ಟು ಜನ ತಮ್ಮ ಧೋತರವನ್ನು ತಾವೇ ಒಗೆದುಕೊಳ್ಳುತ್ತಾರೆ? ಮಠದ ವಿದ್ಯಾರ್ಥಿದೆಸೆಯಲ್ಲಿ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದ ಅಭ್ಯಾಸವನ್ನು ನಾವೂ ಎಂದೋ ಬಿಟ್ಟವರೇ.

ಈ ಹವ್ಯಾಸಿಗಳಲ್ಲಿ ಹೆಸರಾದವರು ಕೊಲರಾಡೊ ರಾಜ್ಯದ ಈಟನ್ ಊರಿನ ಲೀ ಮ್ಯಾಕ್ಸ್‌ವೆಲ್. ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ನಿವೃತ್ತರಾದ ಅವರು ಸಾವಿರಕ್ಕೂ ಹೆಚ್ಚು ಯಂತ್ರಗಳನ್ನು ಕೂಡಿಹಾಕಿ, ದುರಸ್ತಿ ಮಾಡಿ, ಅವುಗಳಿಗಾಗಿಯೇ ಸಂಗ್ರಹಾಲಯವನ್ನು ಕಟ್ಟಿದರು. ಒಗೆತದ ಯಂತ್ರಗಳ ಇತಿಹಾಸವನ್ನೂ ಬರೆದರು. ಮೊದಲ ವಿದ್ಯುತ್ ಯಂತ್ರವನ್ನು ಇಂಥವರೇ ಕಂಡುಹಿಡಿದರೆಂದು ಅನೇಕ ಪುಸ್ತಕಗಳು ಅಲ್ವಾ ಫಿಶರ್ ಅವರ ಹೆಸರನ್ನು ಹೇಳುತ್ತವೆ. ಅವರಿಗೆ ಪೇಟೆಂಟ್ ದೊರೆತದ್ದು 1910ರಲ್ಲಿ. ಅದಕ್ಕೆ ಮೊದಲೇ ಅಂಥ ಯಂತ್ರಗಳ ಜಾಹೀರಾತುಗಳು ಪತ್ರಿಕೆಗಳಲ್ಲಿ ಬಂದಿದ್ದವು. ಹಳೆಯ ವಸ್ತುಗಳನ್ನು ಕೂಡಿಡುವವರಿಂದ ಇಂಥ ಲೋಕೋಕ್ತಿಗಳು ತಿದ್ದುಪಡಿಯಾಗುತ್ತವೆ.

ಎಲ್ಲರಿಗೂ ಇದು ಹವ್ಯಾಸವಲ್ಲ. ಆಮಿಷ್ ಎಂಬ ಕ್ರೈಸ್ತ ಪಂಗಡದ ಸಂಪ್ರದಾಯಸ್ಥರು ಊರ ವಿದ್ಯುತ್ ತಂತಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವರ ಮನೆಗಳಲ್ಲಿ ಉರುಳೆಯ ಯಂತ್ರಗಳು ಇಂದಿಗೂ ಸಣ್ಣ ಎಂಜಿನುಗಳಿಂದ ನಡೆಯುತ್ತವೆ. ಮೇಟ್ಯಾಗ್ ಕಂಪನಿ ಅಂಥ ಯಂತ್ರಗಳ ತಯಾರಿಕೆಯನ್ನು 1983ರಲ್ಲಿ ನಿಲ್ಲಿಸಿತು. 2006ರಲ್ಲಿ ಕಂಪನಿಯೇ ವರ್ಲ್‌ಪೂಲಿನ ವಶವಾಯಿತು. ಮರುವರ್ಷ ನ್ಯೂಟನ್ನಿನ ಕಾರ್ಖಾನೆಯ ಬಾಗಿಲು ಮುಚ್ಚಿತು. ಬಿಡಿಭಾಗಗಳಿಗಾಗಿ ಆಮಿಷ್ ಗೃಹಸ್ಥನೂ ಪೇಟೆಯ ಹವ್ಯಾಸಿಯೂ ಹರಾಜಿನಲ್ಲಿ ಒಂದೇ ಯಂತ್ರಕ್ಕೆ ಕೂಗುವುದುಂಟಂತೆ.

ನಮ್ಮ ಆತಿಥೇಯರ ನೆರೆಯಲ್ಲಿ ಒಬ್ಬ ವೃದ್ಧ ರೈತರಿದ್ದರು. ಅವರ ತಾಯಿ ಬಳಸಿದ ಯಂತ್ರ (ಯಾವ ಕಂಪನಿಯದೆಂಬುದು ಇಲ್ಲಿ ಬೇಡ) ಕೊಟ್ಟಿಗೆಯಲ್ಲಿತ್ತು. ಅದನ್ನು ಸರಿಪಡಿಸಬೇಕೆಂಬುದು ಅವರ ಬಹುದಿನದ ಆಸೆ. ಅಡ್ಡಿಯಾಗಿದ್ದವರು ಅವರ ಅಕ್ಕ. ಏಳು ವರ್ಷದ ಹುಡುಗಿಯಾಗಿದ್ದಾಗ ಆಕೆಯ ಕೈ ಉರುಳೆಗಳ ನಡುವೆ ಸಿಕ್ಕಿ ಮೊಣಕೈವರೆಗೆ ಒಳಗೆ ಹೋಗಿತ್ತು. ಇಂಥ ಗಾಯಗಳು ಅಲ್ಲಿ ಎಷ್ಟು ಸಾಮಾನ್ಯವಾಗಿದ್ದವೆಂದರೆ ವೈದ್ಯರು ಅದಕ್ಕೊಂದು ಬೇರೆ ಹೆಸರನ್ನೇ ಇಟ್ಟಿದ್ದರು. ಒತ್ತಿದೊಡನೆ ಉರುಳೆಗಳು ಬೇರ್ಪಡುವ ಪಟ್ಟಿಯನ್ನು ಯಂತ್ರಗಳಿಗೆ ಅಳವಡಿಸಿದ್ದೂ ಇದೇ ಕಾರಣಕ್ಕೆ. ಆ ಮನೆಯ ಯಂತ್ರದಲ್ಲಿ ಪಟ್ಟಿಯಿತ್ತು, ತುಕ್ಕು ಹಿಡಿದು ಕೆಲಸ ಮಾಡಿರಲಿಲ್ಲ.

"ಶಾಸ್ತ್ರಿಗಳೇ, ಆ ಅಜ್ಜಿ ಎಂಬತ್ತು ವರ್ಷವಾದರೂ ತೋಳು ಮುಚ್ಚುವ ಅಂಗಿಯನ್ನೇ ತೊಡುತ್ತಾರೆ" ಎಂದು ನಮ್ಮ ಆತಿಥೇಯರ ಮನೆಯವರು ಮೆಲ್ಲಗೆ ತಿಳಿಸಿದರು.

ಕೊನೆಗೆ ಅಕ್ಕನೇ ಒಪ್ಪಿದರಂತೆ, ಒಂದು ಕರಾರಿನ ಮೇಲೆ. ತೊಟ್ಟಿ, ಎಂಜಿನು, ಗಾಲಿಗಳು ಏನಾದರೂ ಆಗಲಿ, ಉರುಳೆಗಳನ್ನು ಜೋಡಿಸಕೂಡದು. ತಮ್ಮ ಒಂದು ಚಳಿಗಾಲವಿಡೀ ದುಡಿದು ಯಂತ್ರವನ್ನು ಎಬ್ಬಿಸಿದರು. ನಾವು ಹೋದ ದಿನ ಅದು ಅಂಗಳದಲ್ಲಿ ನಿಂತಿತ್ತು. ಉರುಳೆಗಳು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಕೊಟ್ಟಿಗೆಯ ಅಟ್ಟದ ಮೇಲಿದ್ದವು. ರೈತರು ಎಂಜಿನನ್ನು ಮೆಟ್ಟಿದರು. ಮೂರನೆಯ ಸಲಕ್ಕೆ ಅದು ಉಸಿರಾಡಿತು. ಅಕ್ಕ ದೂರದ ಕುರ್ಚಿಯಿಂದ ಎದ್ದು ಬಂದು ಬಿಸಿನೀರಿಗೆ ಎರಡು ಟವೆಲುಗಳನ್ನು ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಅವನ್ನು ತೆಗೆದು, ತೋಳನ್ನು ಮೇಲಕ್ಕೆ ಮಡಚಿ, ಕೈಯಿಂದಲೇ ಹಿಂಡಿ ಹಗ್ಗದ ಮೇಲೆ ಹರವಿದರು.