ಹಲ್ಲಿನಲ್ಲಿ ಉಳಿದ ಊರು

ಓಲೆಗರಿಯ ಪ್ರತಿಯೊಂದು ಕೈಗೆ ಬಂದಾಗ ಅದರ ಕೊನೆಯಲ್ಲಿ ಲಿಪಿಕಾರನ ಹೆಸರಾಗಲಿ ಊರಾಗಲಿ ಇಲ್ಲದಿದ್ದರೆ, ಅಕ್ಷರದ ತಿರುವನ್ನೂ ಕಾಗುಣಿತದ ತಪ್ಪನ್ನೂ ಹಿಡಿದು ಅದು ಯಾವ ಸೀಮೆಯದೆಂದು ಊಹಿಸುವುದು ನಮ್ಮಂಥ ಕನ್ನಡ ಅಧ್ಯಾಪಕರ ಪಾಡು. ಬರೆದವನು ತನಗರಿವಿಲ್ಲದೆ ಬಿಟ್ಟುಹೋದುದನ್ನು ಓದುವ ವಿದ್ಯೆ ಅದು. ಅದೇ ವಿದ್ಯೆಯನ್ನು ಹಸುವಿನ ಹಲ್ಲೊಂದರ ಮೇಲೆ ಪ್ರಯೋಗಿಸಿದ ವಿದ್ವಾಂಸರ ವೃತ್ತಾಂತವನ್ನು ಈಚೆಗೆ ಓದಿದೆ. ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟಿಲ್ಲ.

ದಕ್ಷಿಣ ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲಿ ಸ್ಟೋನ್‌ಹೆಂಜ್ ಎಂಬ ಪುರಾತನ ಶಿಲಾವರ್ತುಲವಿರುವುದು ವಾಚಕರಿಗೆ ತಿಳಿದದ್ದೇ. ಅಲ್ಲಿಯ ನೀಲಶಿಲೆಗಳು ಆ ನೆಲದವಲ್ಲ. ಸುಮಾರು 225 ಕಿಲೋಮೀಟರು ದೂರದ ವೇಲ್ಸ್ ನಾಡಿನ ಪ್ರೆಸೆಲಿ ಬೆಟ್ಟಗಳವು ಎಂದು 1923ರಲ್ಲಿ ಹರ್ಬರ್ಟ್ ಥಾಮಸ್ ಎಂಬ ಭೂವಿಜ್ಞಾನಿ ತೋರಿಸಿಕೊಟ್ಟ. ಮರುವರ್ಷವೇ, 1924ರಲ್ಲಿ, ವಿಲಿಯಂ ಹಾಲಿ ಅಗೆಯಿಸುತ್ತಿದ್ದಾಗ ದಕ್ಷಿಣ ದ್ವಾರದ ಬದಿಯಲ್ಲಿ ದನದ ದವಡೆಯೆಲುಬೊಂದು ಸಿಕ್ಕಿತು. ಕ್ರಿ.ಪೂ. 2995ರಿಂದ 2900ರ ನಡುವಣ ಎಲುಬು. ಕಲ್ಲಿನ ತವರು ತಿಳಿದ ಹೊತ್ತಿನಲ್ಲಿ ಹಸುವಿನ ತವರನ್ನು ಕೇಳುವ ಉಪಾಯ ಮಾತ್ರ ಯಾರ ಬಳಿಯಲ್ಲಿಯೂ ಇರಲಿಲ್ಲ. ಅದಕ್ಕೆ ನೂರು ವರ್ಷ ಕಾಯಬೇಕಾಯಿತು.

2025ರಲ್ಲಿ ಬ್ರಿಟನ್ನಿನ ಜೇನ್ ಇವಾನ್ಸ್, ರಿಚರ್ಡ್ ಮ್ಯಾಡ್ಗ್ವಿಕ್, ಮೈಕ್ ಪಾರ್ಕರ್ ಪಿಯರ್ಸನ್ ಮೊದಲಾದವರು ಆ ದವಡೆಯ ಮೂರನೆಯ ದವಡೆಹಲ್ಲನ್ನು 9 ಅಡ್ಡ ಪದರಗಳಾಗಿ ಕೊಯ್ದು ಪರೀಕ್ಷಿಸಿದ ಫಲ ಪ್ರಕಟವಾಯಿತು. ಎಲುಬು ಬದುಕಿರುವವರೆಗೂ ಬದಲಾಗುತ್ತಲೇ ಇರುತ್ತದೆ. ಹಲ್ಲಿನ ಎನಾಮಲು ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಮುಗಿಯಿತು. ಆ ಪ್ರಾಣಿ ಆಗ ಕುಡಿದ ನೀರು, ತಿಂದ ಮೇವು ಪದರಪದರವಾಗಿ ಅಲ್ಲಿ ನಿಂತುಬಿಡುತ್ತವೆ.

ಓದುವ ಲಿಪಿಯೆಂದರೆ ಐಸೊಟೋಪುಗಳು: ಒಂದೇ ಧಾತುವಿನವಾದರೂ ತೂಕದಲ್ಲಿ ಕೊಂಚ ಭೇದವಿರುವ ಪರಮಾಣುಗಳು. ನೀರಿನ ಆಮ್ಲಜನಕದಲ್ಲಿ ಭಾರವಾದ ಪರಮಾಣುವಿನ ಪಾಲು ಬೇಸಗೆಯಲ್ಲಿ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಆದುದರಿಂದ ಅದು ಋತುವಿನ ಪಂಚಾಂಗ. ಇಂಗಾಲವು ಮೇವು ದಟ್ಟಮರಗಳ ನೆರಳಿನದೋ ಬಯಲಿನದೋ ಎಂಬುದನ್ನು ಹೇಳುತ್ತದೆ. ಸ್ಟ್ರಾನ್ಷಿಯಂ ನೆಲದ ಗುರುತು. ಬಂಡೆ ಹಳೆಯದಾದಷ್ಟೂ ಅದರೊಳಗಿನ ರುಬಿಡಿಯಂ ಕ್ಷಯಿಸಿ ಸ್ಟ್ರಾನ್ಷಿಯಂ 87 ಹೆಚ್ಚುತ್ತದೆ. ಬಂಡೆಯಿಂದ ಮಣ್ಣಿಗೆ, ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಲ್ಲಿಗೆ ಅದೇ ಪ್ರಮಾಣ ಸಾಗಿಬರುತ್ತದೆ.

ಹೀಗೆ ಓದಿದಾಗ ಕಂಡದ್ದು ಒಂದು ಕರುವಿನ ಎರಡನೆಯ ವರ್ಷದ ಸುಮಾರು ಆರು ತಿಂಗಳು, ಚಳಿಗಾಲದಿಂದ ಬೇಸಗೆಯವರೆಗೆ. ಚಳಿಗಾಲದಲ್ಲಿ ಕಾಡಿನ ಸೊಪ್ಪು, ಬೇಸಗೆಯಲ್ಲಿ ಬಯಲಿನ ಹುಲ್ಲು. ಎರಡೂ ಒಂದೇ ನೆಲದವಲ್ಲ. ಹಸುವನ್ನೇ ಋತುವಿಗೆ ತಕ್ಕಂತೆ ಅಟ್ಟಿಕೊಂಡು ಹೋದರೋ, ಮೇವನ್ನೇ ಹೊತ್ತು ತಂದರೋ, ಎರಡೂ ಸಾಧ್ಯ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಸೀಸ. ಚಳಿಗಾಲದ ಕೊನೆಯಿಂದ ವಸಂತದವರೆಗಿನ ಪದರಗಳಲ್ಲಿ ಸೀಸ ಇದ್ದಕ್ಕಿದ್ದಂತೆ ಏರಿದೆ. ಆ ಸೀಸದ ಬಗೆಯೂ ಬೇರೆ. ಮೇವಿನಿಂದ ಬಂದದ್ದೆನ್ನಲು ಲೆಕ್ಕ ಕೂಡುವುದಿಲ್ಲ. ಹಿಂದೆಂದೋ ಎಲುಬಿನಲ್ಲಿ ಸೇರಿಕೊಂಡಿದ್ದ ಸೀಸವು ಗರ್ಭ ಹೊತ್ತ ಆಯಾಸದಲ್ಲಿ ಕರಗಿ ರಕ್ತಕ್ಕೆ ಬಂದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಪ್ರಾಣಿ ಹೆಣ್ಣೆಂಬುದಕ್ಕೆ ಹಲ್ಲಿನ ಪ್ರೋಟೀನಿನ ಪರೀಕ್ಷೆಯೂ ಬಲವಾದ ಬೆಂಬಲ ಕೊಟ್ಟಿತು. ಆ ಹಳೆಯ ಸೀಸ 25 ಕೋಟಿ ವರ್ಷಗಳಿಗೂ ಹಿಂದಿನ ಬಂಡೆಗಳ ನೆಲದ್ದು. ಸಾಲ್ಸ್‌ಬರಿಯ ಸುಣ್ಣದ ನೆಲವೋ 10 ಕೋಟಿ ವರ್ಷಗಳಿಗಿಂತ ಈಚಿನದು. ಅಂಥ ಹಳೆಯ ಬಂಡೆಗಳಿರುವ ನಾಡುಗಳಲ್ಲಿ ಮೊದಲು ನೆನಪಾಗುವುದು ವೇಲ್ಸ್, ನೀಲಶಿಲೆಗಳ ತವರು. ಎಳೆಯ ವಯಸ್ಸಿನಲ್ಲಿ ಕುಡಿದ ತವರಿನ ನೀರು, ಬಸುರಿನ ದಣಿವಿನಲ್ಲಿ ಹೊರಬಂದು ಹಲ್ಲಿನಲ್ಲಿ ದಾಖಲಾಯಿತು! ನಾನು ವಿಜ್ಞಾನದವನಲ್ಲ; ಆದರೂ ಈ ಮಾತನ್ನು ಓದಿ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಹಾಗಾದರೆ ಆ ಕಲ್ಲುಗಳನ್ನು ಎಳೆದು ತಂದದ್ದು ದನಗಳೇ ಏನು? ಮನಸ್ಸು ಅಲ್ಲಿಗೆ ಹಾರುವುದು ಸಹಜ. ಒಂದು ಓಲೆಯ ಒಂದು ಪದದಿಂದ ಕವಿಯ ಚರಿತ್ರೆಯನ್ನೆಲ್ಲ ಕಟ್ಟಿದ ಪಂಡಿತರನ್ನು ನಾನು ಬಲ್ಲೆನಾದ ಕಾರಣ ಇಲ್ಲಿ ಸ್ವಲ್ಪ ಹಿಂಜರಿಯುತ್ತೇನೆ. ಒಂದು ಹಲ್ಲು ನೊಗದ ಸುದ್ದಿಯನ್ನು ಹೇಳುವುದಿಲ್ಲ. ಹಸು ತಾನೇ ನಡೆದು ಬಂದಿತೋ, ಅದರ ದವಡೆಯನ್ನಷ್ಟೇ ಯಾರಾದರೂ ಜೋಪಾನವಾಗಿ ತಂದು ದ್ವಾರದ ಬಳಿ ಇಟ್ಟರೋ ಎಂಬುದೂ ಅದರಲ್ಲಿಲ್ಲ. ಎರಡನೆಯ ವರ್ಷದ ಬೇಸಗೆಯಲ್ಲಿ ಅದರ ಬರವಣಿಗೆ ನಿಂತಿದೆ.