ಭಯವನ್ನು ಜಯಿಸುವ ವಿಶ್ವಾಸ



ಮನುಷ್ಯನ ಜೀವಿತದಲ್ಲಿ ಭಯವು ಒಂದಿಲ್ಲೊಂದು ರೂಪದಿಂದ ಬಾರದಿರುವ ಕಾಲವೇ ಇಲ್ಲ. ಬಾಲ್ಯದಲ್ಲಿ ಕತ್ತಲೆಯ ಭಯ, ಶಾಲೆಯಲ್ಲಿ ಪರೀಕ್ಷೆಯ ಭಯ, ಸಂಸಾರದಲ್ಲಿ ರೋಗ, ಸಾಲ, ಅಗಲಿಕೆಗಳ ಭಯ. ಕ್ರೈಸ್ತ ವಿಶ್ವಾಸವು ಈ ಭಯವನ್ನು ಯಾವ ರೀತಿಯಿಂದ ಜಯಿಸುತ್ತದೆಂಬುದನ್ನು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯ ಬದುಕಿನಿಂದಲೇ ತೆಗೆದ ಒಂದು ದೃಷ್ಟಾಂತದ ಮೂಲಕ ವಿವರಿಸಲು ಇಲ್ಲಿ ಯತ್ನಿಸುತ್ತೇವೆ.

ಈ ಸೀಮೆಯು ಬಹುಮಟ್ಟಿಗೆ ಎರೆಭೂಮಿಯಾಗಿದ್ದು, ಮಳೆಯನ್ನೇ ನೆಚ್ಚಿಕೊಂಡು ಬಾಳಿದ್ದಾಗಿದೆ. ಮಳೆ ಬಂದರೆ ಬಿಳಿಜೋಳ, ಬಾರದಿದ್ದರೆ ಬರ. ಆದುದರಿಂದ ನಮ್ಮ ಹಿರಿಯರು ನೆಲದೊಳಗೆ ಹಗೇವುಗಳನ್ನು ತೋಡಿ, ಒಳಗೆ ಹುಲ್ಲು ಹಾಸಿ, ಜೋಳವನ್ನು ತುಂಬಿ, ಇಕ್ಕಟ್ಟಾದ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಕಾಪಾಡುತ್ತಿದ್ದರು. ಗಾಳಿ, ನೀರು ಸೋಕದ ಆ ಧಾನ್ಯವು ವರ್ಷಗಟ್ಟಲೆ ಉಳಿಯುತ್ತಿತ್ತು. ಆದರೆ ಹಗೇವನ್ನು ತೆರೆದ ಕೂಡಲೇ ಯಾರೂ ಅದರೊಳಗೆ ಇಳಿಯಬಾರದೆಂಬುದು ಮನೆಮನೆಯ ಎಚ್ಚರಿಕೆಯಾಗಿತ್ತು. ಏಕೆಂದರೆ ಮುಚ್ಚಿಟ್ಟ ಕಾಳು ತಾನೂ ಉಸಿರಾಡುತ್ತ ಒಳಗಿನ ಪ್ರಾಣವಾಯುವನ್ನು ಹೀರಿಕೊಂಡು ಇಂಗಾಲಾಮ್ಲ ವಾಯುವನ್ನು ತುಂಬಿಡುತ್ತದೆ. ಇದನ್ನರಿಯದೆ ಇಳಿದು ಪ್ರಾಣ ಕಳೆದುಕೊಂಡವರು ಉಂಟು. ಬಾಯಿಯನ್ನು ತೆರೆದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ಅದು ಆರದಿರುವುದನ್ನು ಕಂಡ ಮೇಲೆಯೇ ಇಳಿಯುವುದು ವಾಡಿಕೆ.

ಭಯವೂ ಹೀಗೆಯೇ ಇದೆಯೆಂದು ನಮಗೆ ತೋರುತ್ತದೆ. ನಾಳಿನ ಚಿಂತೆಯಿಂದ ಕಾಳು ಕೂಡಿಡುವುದು ವಿವೇಕವೇ ಹೊರತು ದೋಷವಲ್ಲ. ಯೋಸೇಫನೂ ಐಗುಪ್ತದೇಶದಲ್ಲಿ ಏಳು ಸುಭಿಕ್ಷ ವರ್ಷಗಳ ಧಾನ್ಯವನ್ನು ಕೂಡಿಟ್ಟನು. ಆದರೆ ಬರ ಬಂದಾಗ ಅವನು ಕಣಜಗಳನ್ನು ತೆರೆಸಿದನು. ಲೂಕನ ಸುವಾರ್ತೆಯ 12ನೆಯ ಅಧ್ಯಾಯದ ಐಶ್ವರ್ಯವಂತನಾದರೋ ದೊಡ್ಡ ಕಣಜಗಳನ್ನು ಕಟ್ಟಿಸುವ ಯೋಚನೆಯಲ್ಲಿದ್ದ ರಾತ್ರಿಯೇ ತೀರಿಹೋದನು. ಕೂಡಿಡುವುದರಲ್ಲಿ ಇಬ್ಬರೂ ಒಂದೇ, ತೆರೆಯುವುದರಲ್ಲಿ ಬೇರೆ. ಭಯವು ಬಾಯಿಯನ್ನು ಮುಚ್ಚುತ್ತದೆ, ವಿಶ್ವಾಸವು ತೆರೆಯುತ್ತದೆ.

ಇದನ್ನು ಒಬ್ಬ ಬಡ ತಾಯಿಯು ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟಿದ್ದಾಳೆ. ಅರಸುಗಳ ಮೊದಲನೆಯ ಗ್ರಂಥದ 17ನೆಯ ಅಧ್ಯಾಯದಲ್ಲಿ ಬರುವ ಚಾರೆಪ್ತ ಊರಿನ ವಿಧವೆಯ ಮನೆಯಲ್ಲಿ ಉಳಿದಿದ್ದುದು ಒಂದು ಹಿಡಿ ಹಿಟ್ಟು, ತುಸು ಎಣ್ಣೆ ಮಾತ್ರ. ಅದನ್ನು ಮಗನೊಂದಿಗೆ ಉಂಡು ಸಾಯುವುದೆಂದು ಅವಳು ನಿಶ್ಚಯಿಸಿ ಸೌದೆ ಆರಿಸುತ್ತಿದ್ದಳು. ಆಗ ಪ್ರವಾದಿಯಾದ ಎಲೀಯನು ಅವಳಿಗೆ ಮೊದಲು ಧೈರ್ಯ ಹೇಳಿ, ಬಳಿಕ ಆ ಹಿಟ್ಟಿನಲ್ಲಿಯೇ ತನಗೊಂದು ರೊಟ್ಟಿಯನ್ನು ಕೇಳಿದನು. ಅವಳು ಕೊಟ್ಟಳು. ಅವಳ ಮಡಕೆ ಒಮ್ಮೆಲೇ ತುಂಬಿ ತುಳುಕಲಿಲ್ಲ. ಆದರೆ ಬರ ತೀರುವ ತನಕ ಬರಿದಾಗಲೂ ಇಲ್ಲ. ದಿನದ ರೊಟ್ಟಿಗೆ ದಿನದ ಹಿಟ್ಟು ದೊರೆಯಿತು.

ನಮ್ಮ ಸೀಮೆಯೂ ಅಂಥ ಬರಗಳನ್ನು ಕಂಡಿದೆ. 1876ರಿಂದ 1878ರ ವರೆಗಿನ ಮಹಾಕ್ಷಾಮದ ತರುವಾಯ ನಡೆದ 1881ರ ಖಾನೇಸುಮಾರಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆಯು 1872ರದಕ್ಕಿಂತ ಕಡಿಮೆಯಾಗಿತ್ತು. ಆಗ ಈ ಮೂರೂ ಊರುಗಳು ಅದೇ ಜಿಲ್ಲೆಗೆ ಸೇರಿದ್ದವು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ ನೆಲಸಿದ್ದರು. ಕ್ಷಾಮದಲ್ಲಿ ಅನಾಥರಾದ ಮಕ್ಕಳಿಗೆ ಮಿಶನ್ನಿನ ಮನೆಗಳ ಬಾಗಿಲು ತೆರೆಯಿತು. ತಮಗೇ ಸಾಲದ ಕಾಲದಲ್ಲಿ ಪರರ ಮಗುವಿಗೆ ತಟ್ಟೆಯಿಟ್ಟವರ ವಿಶ್ವಾಸವು ಬಾಯಿಮಾತಿನದಲ್ಲವೆಂದು ಹೇಳಬೇಕು.

ಬರ ಹೋದರೆ ನೆರೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಮೊದಲಾದ ಊರುಗಳಿಗೆ ನುಗ್ಗಿತು. ನರಗುಂದ ಪಟ್ಟಣದಲ್ಲಂತೂ ಈಚಿನ ವರ್ಷಗಳಲ್ಲಿ ಕೆಲವು ಮನೆಗಳ ನೆಲವೇ ಏಕಾಏಕಿ ಕುಸಿದಿದೆ. ಮರೆತುಹೋದ ಹಳೆಯ ಹಗೇವುಗಳೂ ಮೇಲೇರಿದ ಅಂತರ್ಜಲವೂ ಇದಕ್ಕೆ ಕಾರಣಗಳೆಂದು ಹೇಳಲಾಗಿದೆ. ಹಸಿವಿಗೆ ಅಂಜಿ ತೋಡಿದ ಕುಳಿಯು, ಎಲ್ಲಿದೆಯೆಂದು ಯಾರಿಗೂ ತಿಳಿಯದೆ ಮುಚ್ಚಿಹೋದ ಮೇಲೆ, ಮೊಮ್ಮಕ್ಕಳ ಮನೆಯನ್ನು ಅಲುಗಿಸಿತು!

ಸಹೋದರಿಯರೇ, ನಿಮ್ಮ ಮನೆಯಲ್ಲಿ ಮುಚ್ಚಿಟ್ಟ ಹಗೇವುಗಳಿಲ್ಲವೇ? ಬೆಳೆ ಹೋಗಿ ಸಾಲ ಏರಿದುದನ್ನು ಹೆಂಡತಿಗೆ ಹೇಳದ ಗಂಡ, ಎದೆಯಲ್ಲಿ ಕಾಣಿಸಿದ ಗಂಟನ್ನು ನಾಚಿಕೆಯಿಂದ ವೈದ್ಯರಿಗೆ ತೋರಿಸದ ತಾಯಿ, ಪರೀಕ್ಷೆಯಲ್ಲಿ ತಪ್ಪಿದುದನ್ನು ತಂದೆಗೆ ಹೇಳಲಾರದ ಮಗಳು, ಇವರೆಲ್ಲರ ಭಯವು ಒಳಗೊಳಗೇ ವಿಷವಾಯುವಾಗುತ್ತದೆ. ಒಬ್ಬರೇ ಅದರೊಳಗೆ ಇಳಿದವರು ಕೆಲವು ಸಲ ಮೇಲೆ ಬರುವುದಿಲ್ಲ.

ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನೂ ಬಹು ವ್ಯಾಕುಲಪಟ್ಟನೆಂದು ಮಾರ್ಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಬರೆದದೆ. ಆತನು ಆ ವ್ಯಾಕುಲವನ್ನು ಬಚ್ಚಿಡಲಿಲ್ಲ. ಮೂವರು ಶಿಷ್ಯರಿಗೆ ಅದನ್ನು ತಿಳಿಸಿ ತನ್ನ ಸಂಗಡ ಎಚ್ಚರವಾಗಿರಲು ಬೇಡಿದನು. ತಂದೆಯ ಮುಂದೆ ಮೂರು ಸಾರಿ ಪ್ರಾರ್ಥಿಸಿದನು. ಶಿಷ್ಯರು ನಿದ್ರೆಹೋದರು, ಶಿಲುಬೆಯೂ ತಪ್ಪಲಿಲ್ಲ. ಆದರೂ ಆತನು ಎದ್ದು, ಬರುತ್ತಿದ್ದವರಿಗೆ ಎದುರಾಗಿ ನಡೆದನು. ಆದುದರಿಂದ ಭಯಪಡುವುದು ಅವಿಶ್ವಾಸವೆಂದು ಯಾರೂ ಕುಗ್ಗಬೇಕಾಗಿಲ್ಲ. ಭಯಕ್ಕೆ ಎದುರಾಗಿ ಯೋಹಾನನು ತನ್ನ ಮೊದಲನೆಯ ಪತ್ರಿಕೆಯಲ್ಲಿ ನಿಲ್ಲಿಸಿರುವುದು ಶೌರ್ಯವನ್ನಲ್ಲ, ಪ್ರೀತಿಯನ್ನು.

ಹೀಗಿರಲಾಗಿ ಮೂರು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ. ಭಯ ಬಂದಾಗ ಅದನ್ನು ಅದರ ಹೆಸರಿನಿಂದಲೇ ದೇವರ ಮುಂದೆ ಹೇಳಿರಿ. ನಂಬಿಕೆಗೆ ಯೋಗ್ಯರಾದ ಒಬ್ಬರಿಗಾದರೂ, ವೈದ್ಯರಿಗೆ ಹೇಳತಕ್ಕದ್ದನ್ನು ವೈದ್ಯರಿಗೇ, ಅಂದೇ ತಿಳಿಸಿರಿ. ನಿಮಗಿಂತ ಹೆಚ್ಚು ಅಂಜಿದವರು ನೆರೆಮನೆಯಲ್ಲಿದ್ದರೆ ಒಂದು ರೊಟ್ಟಿಯೊಂದಿಗೆ ಅವರ ಬಾಗಿಲಿಗೆ ಹೋಗಿರಿ. ಪಾಲಕರೇ, ಮಗಳು ಅಂಜುತ್ತ ಬಾಯಿ ತೆರೆದ ದಿನ ಗದರಿಸದೆ ಕೇಳಿರಿ. ಅಂದು ಗದರಿಸಿದರೆ ಅವಳು ಮತ್ತೆ ಬಾಯಿ ತೆರೆಯಲಾರಳು.

ಚಾರೆಪ್ತದ ಆ ತಾಯಿಯ ಮಡಕೆಯನ್ನು ಬರಿದಾಗಗೊಡದ ದೇವರು ನಿಮ್ಮ ಮನೆಗಳನ್ನೂ ಕಾಯಲಿ ಎಂದು ಪ್ರಾರ್ಥಿಸುತ್ತೇವೆ.