ಬೋನು ಹತ್ತಿದ ಮೇಲೆ ಏನಾಯ್ತು ಅಂತ ಕೇಳಿದೋರ್ಯಾರು?

ಚಿರತೆ ಬೋನಿಗೆ ಬಿತ್ತು ಅಂದರೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ಅದೇ ಮಾತು. ಎಷ್ಟುದ್ದ ಇತ್ತು, ಗಂಡೋ ಹೆಣ್ಣೋ, ಯಾರ ಜಮೀನು, ಎಷ್ಟು ಮೇಕೆ ತಿಂದಿತ್ತು. ಮೂರನೇ ದಿನ ತೆರಕಣಾಂಬಿ ಮಾರ್ಕೆಟ್ಟಿನ ಟೊಮೆಟೊ ರೇಟು ಬರುತ್ತದೆ, ಚಿರತೆ ಹಿಂದಕ್ಕೆ ಸರಿಯುತ್ತದೆ. ಅದು ಎಲ್ಲಿಗೆ ಹೋಯಿತು ಅಂತ ಕೇಳಿದರೆ "ಮೈಸೂರ್ಗ ತಕ್ಕಂಡೋದ್ರು ಕನಾ" ಅಂತಾರೆ. ಸರಿ, ಮೈಸೂರಿಗೆ ಹೋಯಿತು. ಆಮೇಲೆ?

ಇವತ್ತಿನ ಅಂಕಣ ಆ 'ಆಮೇಲೆ' ಬಗ್ಗೆ. ಪ್ರಾಣಿಯನ್ನು ಪಾರು ಮಾಡಿದೆವು ಅಂತ ನಾವು ನೆಮ್ಮದಿಯಾಗಿ ಮನೆಗೆ ಹೋದ ಮೇಲೆ, ಆರೈಕೆಯ ಜಾಗದಲ್ಲೇ ಕಣ್ಣು ಮುಚ್ಚಿದ ದೊಡ್ಡ ಬೆಕ್ಕುಗಳ ಬಗ್ಗೆ. ಬೆಕ್ಕು ಅಂದದ್ದು ತಮಾಷೆಗಲ್ಲ. ಹುಲಿ, ಚಿರತೆ, ನಿಮ್ಮ ಅಕ್ಕಿ ಮಂಡಿಯಲ್ಲಿ ಮೂಟೆ ಮೇಲೆ ಮಲಗಿರೋ ಬೆಕ್ಕು, ಎಲ್ಲ ಒಂದೇ ಕುಲ. ಒಂದೇ ಕುಲ ಆದ್ದರಿಂದಲೇ ಏಳು ಮರಿಗಳ ಪ್ರಾಣ ಹೋಯಿತು. ಆ ಕಥೆ ಮುಂದೆ ಬರುತ್ತದೆ.

ರಾಜ್ಯದಲ್ಲಿ ಎರಡು ಹುಲಿ ರಕ್ಷಿತಾರಣ್ಯ ಇರೋ ಜಿಲ್ಲೆ ನಮ್ಮದು. ಬಂಡೀಪುರ ಒಂದು, ಬಿಳಿಗಿರಿರಂಗನ ಬೆಟ್ಟ ಇನ್ನೊಂದು. 2022ರ ಗಣತಿಯಲ್ಲಿ ರಾಜ್ಯಕ್ಕೆ 563 ಹುಲಿ, 1,879 ಚಿರತೆ ಅಂತ ಲೆಕ್ಕ ಬಂತು. ಕಾಡು ಅಷ್ಟೇ ಇದೆ. ಹೀಗಾಗಿ ಹುಲಿ ಬಾಳೆ ತೋಟಕ್ಕೆ ಬರುತ್ತದೆ, ಚಿರತೆ ಕಬ್ಬಿನ ಗದ್ದೆಯಲ್ಲಿ, ಕೆಲಸ ನಿಂತ ಕರಿಕಲ್ಲು ಕ್ವಾರಿಗಳಲ್ಲಿ ಸಂಸಾರ ಹೂಡುತ್ತದೆ. ಕಾಡಂಚಿನ ರೈತನ ಸಂಕಟ ಸಣ್ಣದಲ್ಲ. 2025ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಊರೂರಲ್ಲಿ ಜನ ನಕ್ಕರು. ಹಸು ಕಳೆದುಕೊಂಡವನಿಗೆ ಅದು ನಗುವ ವಿಷಯ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ಇವನಿಗೇನ್ ಸಾ, ಪೇಟೆಲಿ ಕೂತು ಹುಲಿ ಪರ ಬರಿತಾನೆ" ಅಂತ ಬೇಗೂರು ಬಸ್ಸಿನಲ್ಲಿ ನನ್ನನ್ನೇ ಕೂಡಿಹಾಕುತ್ತೀರಿ.

2019ರ ಅಕ್ಟೋಬರ್ 13. ಇಬ್ಬರನ್ನು ಬಲಿ ತೆಗೆದುಕೊಂಡಿದ್ದ ಹುಲಿ ಮಗುವಿನಹಳ್ಳಿ ಹತ್ತಿರ ಅರಿವಳಿಕೆ ಮದ್ದಿಗೆ ಸಿಕ್ಕಿತು. ಸಾಕಾನೆ ತರಿಸಿ, ಹಗಲು ರಾತ್ರಿ ಹುಡುಕಿ ಹಿಡಿದದ್ದು. ಅದು ಹೋದದ್ದು ಮೈಸೂರು ಹೊರಗಿನ ಕೂರ್ಗಳ್ಳಿಗೆ. ಮೈಸೂರು ಮೃಗಾಲಯದ್ದೇ ಪುನರ್ವಸತಿ ಕೇಂದ್ರ ಅಲ್ಲಿದೆ. 2021ರ ಅಕ್ಟೋಬರ್ 15ರಂದು ಮಸಿನಗುಡಿಯಲ್ಲಿ ಹಿಡಿದ ಟಿ-23 ಎಂಬ ಹುಲಿಯನ್ನೂ ಗಾಯದ ಚಿಕಿತ್ಸೆಗೆ ತಂದದ್ದು ಅಲ್ಲಿಗೇ. ಮೃಗಾಲಯದ ಹಾಗೆ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ಜಾಗ ಅಲ್ಲ. ಜನರಿಗೆ ಪ್ರವೇಶ ಇಲ್ಲ. ಅದು ಒಳ್ಳೆಯದೇ. ಆದರೆ ಕಾಣದ ಪ್ರಾಣಿ ಬದುಕಿದರೂ ಸುದ್ದಿ ಇಲ್ಲ, ಸತ್ತರೂ ಸುದ್ದಿ ಇಲ್ಲ.

ಬಂಡೀಪುರದ 'ಪ್ರಿನ್ಸ್' ನೆನಪಿದೆಯಲ್ಲ? ಸಫಾರಿ ಜೀಪಿಗೆ ಹೆದರದೆ ನಡುರಸ್ತೆಯಲ್ಲಿ ನಡೆದುಬರುತ್ತಿದ್ದ ಗಂಡು ಹುಲಿ. 2017ರಲ್ಲಿ ಅದು ಸತ್ತಾಗ ಪತ್ರಿಕೆಗಳ ಮುಖಪುಟದಲ್ಲಿ ಫೋಟೊ ಬಂತು, ಫೋಟೊಗ್ರಾಫರುಗಳು ಅತ್ತರು. ಅದು ಕಾಡಿನಲ್ಲಿ ಹುಟ್ಟಿ ಕಾಡಿನಲ್ಲೇ ಸತ್ತ ರಾಜ. ಬೋನು ಹತ್ತಿದ್ದಕ್ಕೆ ಆ ಭಾಗ್ಯ ಇಲ್ಲ. ಹುಲಿ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿ, ಚರ್ಮ, ಉಗುರು, ಹಲ್ಲು ಸಮೇತ ಸುಟ್ಟು ಬೂದಿ ಮಾಡುತ್ತಾರೆ. ಕಳ್ಳರ ಕೈಗೆ ಒಂದು ಮೀಸೆ ಕೂದಲೂ ಸಿಗಬಾರದು ಅಂತ. ನಿಯಮ ಸರಿಯಾಗಿದೆ. ಆದರೆ ಒಂದು ಹೂವು ಇಡೋಣ ಅಂದರೂ ಗುಡ್ಡೆ ಮಣ್ಣಿಲ್ಲ.

ಏಳು ಮರಿ, ಹದಿನೈದು ದಿನ

ಈಗ ಬನ್ನೇರುಘಟ್ಟದ ಮಾತಿಗೆ ಬರೋಣ. ದಾರಿ ತಪ್ಪಿದ, ತಾಯಿ ಬಿಟ್ಟ, ಗಾಯಗೊಂಡ ಚಿರತೆ ಮರಿಗಳನ್ನು ಸಾಕುವ ದೊಡ್ಡ ಜಾಗ ಅದು. 2023ರ ಆಗಸ್ಟ್ 22ರಂದು ಅಲ್ಲಿ ಒಂದು ಚಿರತೆ ಮರಿಗೆ ಕಾಯಿಲೆ ಕಾಣಿಸಿತು. ಊಟ ಬಿಟ್ಟು, ಸೊರಗಿ ಮಲಗಿತು. ಮುಂದಿನ ಹದಿನೈದು ದಿನದಲ್ಲಿ ಒಟ್ಟು 7 ಮರಿ ಸತ್ತವು. ವಯಸ್ಸು 3 ತಿಂಗಳಿಂದ 8 ತಿಂಗಳು. ಸಫಾರಿ ಜಾಗಕ್ಕೆ ಬಿಟ್ಟಿದ್ದ 9ರಲ್ಲಿ 4, ಪುನರ್ವಸತಿ ಕೇಂದ್ರದಲ್ಲಿದ್ದವುಗಳಲ್ಲಿ 3. ಎಲ್ಲಕ್ಕೂ ಲಸಿಕೆ ಆಗಿತ್ತು.

ಕಾಯಿಲೆಯ ಹೆಸರು ಫೆಲೈನ್ ಪ್ಯಾನ್‌ಲ್ಯುಕೋಪೀನಿಯಾ. ಹೆಸರು ದೊಡ್ಡದು, ರೋಗ ನಿಮಗೆ ಗೊತ್ತಿರೋದೇ. ನಿಮ್ಮ ಬೀದಿಯಲ್ಲಿ ಚೆನ್ನಾಗಿ ಆಡಿಕೊಂಡಿದ್ದ ಬೆಕ್ಕಿನ ಮರಿ ಇದ್ದಕ್ಕಿದ್ದಂತೆ ವಾಂತಿ ಮಾಡಿ, ಭೇದಿ ಆಗಿ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತು, ಕುಡಿಯಲಾರದೆ ಎರಡು ಮೂರು ದಿನದಲ್ಲಿ ಸತ್ತದ್ದನ್ನು ನೋಡಿದ್ದೀರಿ. "ಯಾರೋ ಇಲಿ ಪಾಷಾಣ ಹಾಕವ್ರೆ" ಅಂತ ಪಕ್ಕದ ಅಂಗಡಿಯವನ ಮೇಲೆ ಅನುಮಾನ ಪಟ್ಟಿದ್ದೀರಿ. ಅನೇಕ ಸಲ ಅದು ಪಾಷಾಣ ಅಲ್ಲ, ಇದೇ ವೈರಸ್ಸು. ಕರುಳನ್ನು ಕೆಡಿಸುತ್ತದೆ, ರಕ್ತದ ಬಿಳಿ ಕಣಗಳನ್ನು ಇಳಿಸುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ಸ್ ಹಾಕಿ, ದೇಹದಲ್ಲಿ ಶಕ್ತಿ ಉಳಿಸಿ ಕಾಯಬೇಕು. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ಮನುಷ್ಯರ ಚಪ್ಪಲಿ, ಕೈ, ಬಟ್ಟಲು, ಗೋಣಿಚೀಲ ಇವುಗಳ ಮೇಲೆ ಸವಾರಿ ಮಾಡುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು.

ಕಾಡಿನಲ್ಲಿ ಚಿರತೆ ಒಂಟಿ ಪ್ರಾಣಿ. ತಾಯಿ, ಎರಡೋ ಮೂರೋ ಮರಿ, ಅಷ್ಟೇ ಸಂಸಾರ. ಒಂದು ಮರಿಗೆ ರೋಗ ಬಂದರೆ ಆ ಗುಹೆಯಲ್ಲೇ ಮುಗಿಯುತ್ತದೆ. ಆರೈಕೆ ಕೇಂದ್ರದಲ್ಲಿ ಹತ್ತಾರು ತಾಯಂದಿರ ಮರಿಗಳು ಅಕ್ಕಪಕ್ಕ. ನೋಡಿಕೊಳ್ಳುವವರು ಎಷ್ಟೇ ಎಚ್ಚರವಾಗಿದ್ದರೂ ಒಂದರ ರೋಗ ಹತ್ತಕ್ಕೆ. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವರ ಕೈಯಲ್ಲೇ ಆ ಏಳೂ ಹೋದವು. ಮಾರನೇ ದಿನ ಪೇಪರಿನಲ್ಲಿ 'ಏಳು' ಅಂತ ಸಂಖ್ಯೆ ಬಂತು.

ಬನ್ನೇರುಘಟ್ಟ ಇಂಥ ಸಾವುಗಳಿಗೆ ಹೊಸದಲ್ಲ. ಹಳಬರಿಗೆ ಸರ್ಕಸ್ ನೆನಪಿರಬೇಕು. ಬೆಂಕಿ ಬಳೆಯೊಳಗೆ ಹುಲಿ ಹಾರುವುದನ್ನು ನೋಡಲು ಮೈಸೂರಿಗೆ ಬಸ್ ಹತ್ತುತ್ತಿದ್ದೆವು. ಹುಲಿ ಸಿಂಹಗಳ ಆಟ ನಿಲ್ಲಿಸಿದ ಸರ್ಕಾರದ ಆದೇಶವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಬಿಡುಗಡೆಯಾದವುಗಳಲ್ಲಿ ಒಂದು ಪಾಲು ಬನ್ನೇರುಘಟ್ಟಕ್ಕೆ ಬಂತು. ಅವನ್ನು ಕಾಡಿಗೆ ಬಿಡುವ ಹಾಗಿರಲಿಲ್ಲ, ಮರಿ ಮಾಡಿಸುವ ಹಾಗೂ ಇರಲಿಲ್ಲ. ಪಿಂಚಣಿ ತೆಗೆದುಕೊಳ್ಳುವ ಮುದುಕರಂತೆ ಉಂಡು, ಬಿಸಿಲು ಕಾಯಿಸಿ, ಒಂದೊಂದಾಗಿ ತೀರಿಕೊಂಡವು. ಬ್ರಿಟನ್ನಿನ ಬಾರ್ನ್ ಫ್ರೀ ಸಂಸ್ಥೆಯವರು ಯುರೋಪಿನಿಂದ ಬಿಡಿಸಿ ಇಲ್ಲಿಗೆ ತಂದ ಹುಲಿಗಳೂ ಇದ್ದವು. ಅದರಲ್ಲಿ ರೋಕ್ ಎಂಬುದು ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ಸಾಕುಪ್ರಾಣಿ ಮಾರುವ ಅಂಗಡಿಯೊಂದರ ಗಾಜಿನ ಕಿಟಕಿಯಲ್ಲಿ ಇಟ್ಟಿದ್ದ ಮರಿ. ಗಿರಾಕಿ ಕರೆಯಲು ಹುಲಿಮರಿ! ಅಂಗಡಿ ಇಟ್ಟಿರೋ ನಮ್ಮ ಓದುಗರು ಗೊಂಬೆಗೆ ಸೀರೆ ಉಡಿಸಿ ನಿಲ್ಲಿಸುತ್ತಾರೆ, ಅದೇ ವಾಸಿ. ಕನ್ನಡ ನಾಡಿನ ಮಣ್ಣು ಮೆಟ್ಟಿ ಆ ರೋಕ್ ದೊಡ್ಡ ಹುಲಿಯಾಗಿ ಬಾಳಿ ಇಲ್ಲೇ ಸತ್ತಿತು. ಅದನ್ನು ನೆನೆಯುವವರು ಇಂಗ್ಲೆಂಡಿನಲ್ಲಿದ್ದಾರೆ. ನಮ್ಮೂರ ಗದ್ದೆಯಿಂದ ಹೋದದ್ದನ್ನು ನೆನೆಯಲು ನಮ್ಮೂರಲ್ಲೇ ಜನ ಇಲ್ಲ.

ಕಬ್ಬಿನ ಗದ್ದೆ ಮರಿಗಳು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಇದು: ಪಾರು ಮಾಡಿದೆವು ಅಂತ ಕಳಿಸುವ ಎಷ್ಟೋ ಮರಿಗಳು ಅಪಾಯದಲ್ಲಿ ಇರುವುದೇ ಇಲ್ಲ. ಕಬ್ಬು ಕಡಿಯುವ ಗ್ಯಾಂಗು ಗದ್ದೆಯ ನಡುವಿಗೆ ಬಂದಾಗ ತರಗಿನ ಮೇಲೆ ಬೆಕ್ಕಿನ ಗಾತ್ರದ ಎರಡು ಮೂರು ಮರಿ. ಕಣ್ಣು ಬಿಟ್ಟಿರುತ್ತವೋ ಇಲ್ಲವೋ. "ಪಾಪ, ತಾಯಿಲ್ಲದ ಕೂಸು" ಅಂತ ಎತ್ತಿಕೊಳ್ಳುತ್ತಾರೆ. ಫೋನಿನಲ್ಲಿ ಫೋಟೊ, ಮಕ್ಕಳ ಕೈಗೆ ಕೊಟ್ಟು ಇನ್ನೊಂದು ಫೋಟೊ. ತಾಯಿ ಎಲ್ಲೂ ಹೋಗಿರುವುದಿಲ್ಲ. ಹಗಲಲ್ಲಿ ಮಚ್ಚಿನ ಸದ್ದಿಗೆ, ಟ್ರ್ಯಾಕ್ಟರ್ ಸದ್ದಿಗೆ ಸರಿದು ಪಕ್ಕದ ಗದ್ದೆಯಲ್ಲೋ ಹಳ್ಳದಲ್ಲೋ ಕೂತಿರುತ್ತದೆ. ಕತ್ತಲಾದ ಮೇಲೆ ಬರುತ್ತದೆ. ಬಂದು ನೋಡಿದರೆ ಮರಿ ಇಲ್ಲ. ಆಗ ಅದು ಊರ ಸುತ್ತ ಹುಡುಕಾಡುತ್ತದೆ. ಊರವರು "ಚಿರತೆ ಕಾಟ ಜಾಸ್ತಿ ಆಯ್ತು" ಅಂತ ಬೋನು ಕೇಳುತ್ತಾರೆ. ಮರಿ ಒಂದು ಕಡೆ, ತಾಯಿ ಒಂದು ಕಡೆ, ಎರಡೂ ಲಾರಿ ಹತ್ತುತ್ತವೆ.

ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತಲ್ಲ ಅನ್ನುವವರಿಗೂ ಉತ್ತರ ಇದೆ. ಮಹಾರಾಷ್ಟ್ರದ ಜುನ್ನರ್ ನಮ್ಮ ಹಾಗೇ ಕಬ್ಬಿನ ಸೀಮೆ. 2001ರ ನಂತರ ಅಲ್ಲಿ ಹಾಗೆ ಹಿಡಿದು ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಇಳಿಯಲಿಲ್ಲ, ಏರಿತು. ವಿದ್ಯಾ ಆತ್ರೇಯ ಎಂಬ ಸಂಶೋಧಕಿ ಇದನ್ನು ಲೆಕ್ಕ ಇಟ್ಟು ತೋರಿಸಿದರು. ಅದೇ ಜುನ್ನರಿನಲ್ಲಿ ಈಗ ಮರಿ ಸಿಕ್ಕರೆ ಮಾಡುವ ಕೆಲಸ ಬೇರೆ. ಕಬ್ಬು ಕಡಿಯುವುದನ್ನು ಆ ಮೂಲೆಯಲ್ಲಿ ನಿಲ್ಲಿಸುತ್ತಾರೆ. ವೈದ್ಯರು ಬಂದು ಮರಿ ಗಟ್ಟಿಯಾಗಿದೆಯೇ ನೋಡುತ್ತಾರೆ. ಸಂಜೆ ಸಿಕ್ಕಿದ ಜಾಗದಲ್ಲೇ ಪೆಟ್ಟಿಗೆಯಲ್ಲಿ ಇಟ್ಟು, ಒಂದು ಕ್ಯಾಮರಾ ಕಟ್ಟಿ, ಎಲ್ಲರೂ ದೂರ ಹೋಗುತ್ತಾರೆ. ಖರ್ಚು ಏನೂ ಇಲ್ಲ ಅನ್ನಬಹುದು. ಒಂದು ರಾತ್ರಿಯ ತಾಳ್ಮೆ.

ನಮ್ಮಲ್ಲಿಯೂ ಕಬ್ಬು ಕಡಿಯುವ ಮೇಸ್ತ್ರಿಗಳು ಇದನ್ನು ಗ್ಯಾಂಗಿಗೆ ಹೇಳಲಿ. ಮರಿ ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಆ ಗುಂಟೆ ಕಬ್ಬು ನಾಳೆ ಕಡಿದರೂ ಕಾರ್ಖಾನೆ ಓಡಿಹೋಗುವುದಿಲ್ಲ. ಅಂಗಡಿ ಬೆಕ್ಕು ಇಟ್ಟುಕೊಂಡವರು ಪಶು ಆಸ್ಪತ್ರೆಯ ಡಾಕ್ಟರನ್ನು ಬೆಕ್ಕಿನ ಲಸಿಕೆ ಬಗ್ಗೆ ಒಂದು ಮಾತು ಕೇಳಿ. ಎರಡು ತಿಂಗಳಿನ ಹೊತ್ತಿಗೆ ಶುರು ಮಾಡಬೇಕು, ಒಂದೇ ಸೂಜಿಗೆ ಮುಗಿಯುವುದಿಲ್ಲ. ನಾಯಿ ಕಡಿತದ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ. ಮೃಗಾಲಯದ ಪ್ರಾಣಿಯನ್ನು ದತ್ತು ತೆಗೆದುಕೊಳ್ಳುವ ಯೋಜನೆ ಮೈಸೂರಿನಲ್ಲಿದೆ, ಕೈಲಾದ ವರ್ತಕರು ಸೇರಿಕೊಂಡು ಒಂದು ಚಿರತೆಯ ಊಟಕ್ಕೆ ಕೊಡಬಹುದು. ಗಣೇಶೋತ್ಸವಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲು ಸಾಕಾದೀತು.

ಜುನ್ನರಿನ ಕ್ಯಾಮರಾಗಳಲ್ಲಿ ಸಿಕ್ಕ ದೃಶ್ಯಗಳು ಟಿವಿಯಲ್ಲೂ ಬಂದಿವೆ, ನೋಡಿರಬಹುದು. ಕತ್ತಲಲ್ಲಿ ತಾಯಿ ಬರುತ್ತದೆ. ಪೆಟ್ಟಿಗೆ ಸುತ್ತ ಒಂದು ಸುತ್ತು ಹಾಕುತ್ತದೆ, ಮೂಸುತ್ತದೆ, ಪಂಜದಲ್ಲಿ ಉರುಳಿಸುತ್ತದೆ. ಮರಿಯ ಕತ್ತಿನ ಚರ್ಮ ಹಿಡಿದು ಕಬ್ಬಿನೊಳಗೆ ಮರೆಯಾಗುತ್ತದೆ. ಎರಡನೆಯದಕ್ಕೆ ಮತ್ತೆ ಬರುತ್ತದೆ.